ಪುರುಷರ ಸಂತಾನಶಕ್ತಿಹರಣ ಚಿಕಿತ್ಸೆ: ಪೂರ್ವಸಿದ್ಧತೆ ಹಾಗೂ ಆರೈಕೆ

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ಸಾರ್ವಜನಿಕರ ಗಮನಕ್ಕೆ.

ಅರ್ಹತೆ: ವಿವಾಹಿತರಾಗಿದ್ದು, 60 ವರ್ಷದೊಳಗಿನವರಾಗಿರಬೇಕು, 1 ವರ್ಷ ಮೀರಿದ ಕನಿಷ್ಠ ಒಂದು ಮಗುವಿರಬೇಕು. ಇದು ಶಾಶ್ವತ ವಿಧಾನವಾದುದರಿಂದ ಆಲೋಚಿಸಿ ಸ್ವಇಚ್ಛೆಯಿಂದ ನಿರ್ಧರಿಸತಕ್ಕದ್ದು. ಯಾರೂ ಒತ್ತಾಯಿಸುವಂತಿಲ್ಲ.

ಪೂರ್ವಸಿದ್ಧತೆ: ಸ್ನಾನ ಮಾಡಿ, ಸಡಿಲವಾದ ಶುಭ್ರ ಉಡುಪು ಧರಿಸಿ, ಲಂಗೋಟಿಯೊಂದಿಗೆ ಬರುವುದು. ಮಧುಮೇಹ, ಅಂಡವಾಯು ಇದ್ದಲ್ಲಿ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದಲ್ಲಿ ವೈದ್ಯರಿಗೆ ಮೊದಲೇ ತಿಳಿಸುವುದು.

ಚಿಕಿತ್ಸೆ: ಸ್ಥಳೀಯ ಅರಿವಳಿಕೆ ನೀಡಿ, ಸಣ್ಣ ರಂಧ್ರದ ಮೂಲಕ ವೀರ್ಯನಾಳಗಳನ್ನು ಕತ್ತರಿಸಿ ಕಟ್ಟಲಾಗುವುದು. ಹೊಲಿಗೆಯ ಅಗತ್ಯವಿಲ್ಲ; ಅದೇ ದಿನ ಮನೆಗೆ ತೆರಳಬಹುದು. ವೃಷಣಗಳನ್ನು ತೆಗೆಯುವುದಿಲ್ಲವಾದ್ದರಿಂದ ಪುರುಷತ್ವವಾಗಲಿ, ದುಡಿಯುವ ಶಕ್ತಿಯಾಗಲಿ ಕುಂದುವುದಿಲ್ಲ.

ಆರೈಕೆ: 48 ಗಂಟೆ ವಿಶ್ರಾಂತಿ ಪಡೆದು ಲಂಗೋಟಿ ಧರಿಸಿರಬೇಕು. ಗಾಯ ನೆನೆಯಬಾರದು. ಒಂದು ವಾರ ನೇಗಿಲು ಹೊಡೆಯುವುದು, ಕಬ್ಬಿನ ಹೊರೆ ಹೊರುವುದು, ಸೈಕಲ್ ತುಳಿಯುವುದು ಸಲ್ಲದು. ಜ್ವರ, ಬಾವು, ಕೀವು ಅಥವಾ ರಕ್ತಸ್ರಾವ ಕಂಡುಬಂದಲ್ಲಿ ಕೂಡಲೇ ಆಸ್ಪತ್ರೆಗೆ ಬರುವುದು.

ವಿಶೇಷ ಸೂಚನೆ: ಚಿಕಿತ್ಸೆಯ ದಿನದಿಂದಲೇ ಫಲ ದೊರೆಯುವುದಿಲ್ಲ. ನಾಳದಲ್ಲಿ ಉಳಿದ ವೀರ್ಯಾಣುಗಳಿಂದ ಗರ್ಭ ನಿಲ್ಲಬಹುದು. ಆದುದರಿಂದ 3 ತಿಂಗಳು ನಿರೋಧ್ ಬಳಸಿ, ತದನಂತರ ವೀರ್ಯಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲವೆಂದು ಖಚಿತಪಡಿಸಿಕೊಂಡು ಪ್ರಮಾಣಪತ್ರ ಪಡೆಯತಕ್ಕದ್ದು. ಈ ಅವಧಿಯಲ್ಲಿ ಗರ್ಭ ನಿಂತರೆ ಪತ್ನಿಯನ್ನು ಶಂಕಿಸುವುದು ಅನ್ಯಾಯ. ವೈದ್ಯರನ್ನು ಕಾಣುವುದೇ ಸರಿಯಾದ ಕ್ರಮ.

ಹೆಚ್ಚಿನ ಮಾಹಿತಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಆಶಾ ಕಾರ್ಯಕರ್ತೆಯರನ್ನು ಸಂಪರ್ಕಿಸಲು ಕೋರಲಾಗಿದೆ.