ಬಹುದಿನ ಬಾಳುವ ತಿನಿಸುಗಳು : ಬಿಸ್ಕೀಟು, ಕಡಕ ರೊಟ್ಟಿ ಮತ್ತು ಕರದಂಟು

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ಬಿಸ್ಕೀಟಿನ ಪೊಟ್ಟಣವಿಲ್ಲದ ಅಂಗಡಿಯು ಈಗ ದೊರೆಯುವದು ಕಷ್ಟ. ಹೊಲಕ್ಕೆ ಹೋಗುವ ಆಳಿಗೂ ಶಾಲೆಗೆ ಹೋಗುವ ಹುಡುಗನಿಗೂ ಚಹದೊಡನೆ ಅದು ಬೇಕಾಗಿದೆ. ಬಿಸ್ಕೀಟು ಹೊರಗಿನಿಂದ ಬಂದ ತಿನಿಸು, ಯಂತ್ರದಿಂದ ಆಗುವ ತಿನಿಸು, ಅದಕ್ಕೂ ತಮ್ಮ ಒಕ್ಕಲುತನಕ್ಕೂ ಸಂಬಂಧವಿಲ್ಲವೆಂದು ಅನೇಕ ರಯತರು ತಿಳಿದಿರುವರು. ಈ ತಿಳುವಳಿಕೆಯು ಸರಿಯಾದುದಲ್ಲ. ಬಿಸ್ಕೀಟು ಯಾವ ತತ್ವದಿಂದ ಕೆಡದೆ ಉಳಿಯುವದೋ ಅದೇ ತತ್ವದಿಂದ ಈ ಸೀಮೆಯ ಕಡಕ ರೊಟ್ಟಿಯೂ ಗೋಕಾಕದ ಕರದಂಟೂ ಉಳಿಯುವವು. ಈ ತಿನಿಸುಗಳ ಒಳ್ಳೆಯ ಹೆಸರು ಉಳಿಯುವದೂ ಅಳಿಯುವದೂ ಅಡಿಗೆಮನೆಯಲ್ಲಿ ಅಲ್ಲ, ಅದಕ್ಕಿಂತ ಮೊದಲು ಕಣದಲ್ಲಿಯೂ ಗಾಣದ ಮನೆಯಲ್ಲಿಯೂ ನಿರ್ಧಾರವಾಗುವವು. ಕಾರಣ ಜಮೀನುದಾರರೂ ಊರ ಹಿರಿಯರೂ ಈ ವಿಷಯವನ್ನು ತಿಳಿದಿರುವದು ಅವಶ್ಯವಾಗಿದೆ.

ಹೆಸರಿನ ಅರ್ಥ

ಬಿಸ್ಕೀಟು ಎಂಬ ಹೆಸರಿನ ಮೂಲವು ಲ್ಯಾಟಿನ್ ಭಾಷೆಯಲ್ಲಿದ್ದು, ‘ಎರಡು ಸಲ ಬೇಯಿಸಿದ್ದು’ ಎಂದು ಅದರ ಅರ್ಥವು. ಮೊದಲನೆಯ ಸಲ ಬೇಯಿಸಿದಾಗ ಹಿಟ್ಟು ಪಕ್ವವಾಗುವದು. ಎರಡನೆಯ ಸಲ ಬೇಯಿಸಿದಾಗ ಉಳಿದ ನೀರು ಹೊರಟುಹೋಗುವದು. ಹೊಸ ಬ್ರೆಡ್ಡಿನಲ್ಲಿ ಶೇಕಡಾ 35 ರಿಂದ 40 ರಷ್ಟು ನೀರಿರುವದು. ಒಳ್ಳೆಯ ಬಿಸ್ಕೀಟಿನಲ್ಲಿ ಶೇಕಡಾ 5 ಕ್ಕೂ ಕಡಿಮೆ ಇರುವದು. ಬೂಷ್ಟು ಬೆಳೆಯುವದಕ್ಕೆ ನೀರು ಬೇಕು. ನೀರು ದೊರೆಯದಿದ್ದಲ್ಲಿ ತಿನಿಸು ತಿಂಗಳುಗಟ್ಟಲೆ ಬಾಳುವದು. ಬೆಲ್ಲ, ಸಕ್ಕರೆ, ಜೇನುತುಪ್ಪಗಳೂ ಇದೇ ಕೆಲಸಕ್ಕೆ ನೆರವಾಗುವವು; ಅವು ಇದ್ದ ಅಲ್ಪ ನೀರನ್ನು ತಮ್ಮಲ್ಲಿ ಹಿಡಿದಿಟ್ಟು ಬೂಷ್ಟಿಗೆ ಸಿಗಗೊಡುವದಿಲ್ಲ.

ಹಾಯಿಹಡಗುಗಳ ಕಾಲದಲ್ಲಿ ಬ್ರಿಟಿಷ್ ನೌಕಾದಳದ ನಾವಿಕನಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ, ಬಿಸ್ಕೀಟು ಸಲ್ಲುತ್ತಿತ್ತು. ಅದು ಹಿಟ್ಟು ಮತ್ತು ನೀರುಗಳಿಂದಾದ, ಕಲ್ಲಿನಂತೆ ಗಟ್ಟಿಯಾದ ಬಿಲ್ಲೆಯು. ಹಡಗಿನ ತಳದಲ್ಲಿ ಹಸಿ ತಗಲಿದ ಕೂಡಲೇ ಅದರಲ್ಲಿಯೂ ನುಸಿ ಬೀಳುತ್ತಿದ್ದವು.

ಪರದೇಶಗಳ ಉದಾಹರಣೆ

ಪ್ರತಿಯೊಂದು ದೇಶದ ಹಳೆಯ ಬಿಸ್ಕೀಟು ಆ ದೇಶದ ಹೊಲದಲ್ಲಿ ಬೆಳೆದುದರಿಂದಲೇ ಹುಟ್ಟಿದೆ. ಸ್ವೀಡನ್ ದೇಶದ ಚಳಿಗೆ ‘ರೈ’ ಎಂಬ ಧಾನ್ಯವು ಒಗ್ಗುವದು. ಅಲ್ಲಿಯ ಜನರು ಅದರ ಹಿಟ್ಟಿನಿಂದ ತೆಳುವಾದ ದುಂಡು ರೊಟ್ಟಿ ಮಾಡಿ, ನಡುವೆ ತೂತು ಇಟ್ಟು, ಕೋಲಿಗೆ ಪೋಣಿಸಿ ಮಾಡಿನ ಕೆಳಗೆ ತೂಗಹಾಕಿ ಒಣಗಿಸುತ್ತಿದ್ದರು. ಸ್ಕಾಟ್ಲಂಡದಲ್ಲಿ ಓಟ್ಸ್ ಧಾನ್ಯವೂ ಬೆಣ್ಣೆಯೂ ಹೇರಳ. ಅಲ್ಲಿ ಓಟ್ಸಿನ ಬಿಲ್ಲೆಯೂ, ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಹಿಟ್ಟು ಎಂಬ ಅಳತೆಯ ಬಿಸ್ಕೀಟೂ ಹೆಸರಾಗಿವೆ. ಇಟಲಿಯ ಪ್ರಾತೋ ಪಟ್ಟಣದಲ್ಲಿ ಬದಾಮಿ ಸೇರಿಸಿದ ಕಣಕವನ್ನು ಉದ್ದನ್ನ ತುಂಡಾಗಿ ಬೇಯಿಸಿ, ಕೊಯ್ದು, ಹೋಳುಗಳನ್ನು ಮತ್ತೊಮ್ಮೆ ಬೇಯಿಸುವರು. ಹೆಸರಿನ ಮೂಲ ಅರ್ಥವು ಇದರಲ್ಲಿ ಇಂದಿಗೂ ಉಳಿದಿದೆ. ಜರ್ಮನಿಯ ನ್ಯೂರೆಂಬರ್ಗದ ಸುತ್ತಲಿನ ಅಡವಿಯಲ್ಲಿ ಜೇನು ವಿಪುಲವಾಗಿದ್ದುದರಿಂದ ಅಲ್ಲಿಯ ಮಸಾಲೆಯ ಬಿಸ್ಕೀಟು ಜೇನಿನದಾಯಿತು. ಅರಬರ ನಾಡಿನಲ್ಲಿ ರವೆಯ ಒಳಗೆ ಖರ್ಜೂರದ ಹೂರಣವಿಟ್ಟು ಸುಡುವರು. 1914-18 ರ ಮಹಾಯುದ್ಧದ ನೆನಪನ್ನು ಹೆಸರಿನಲ್ಲಿ ಹೊತ್ತ ಆಸ್ಟ್ರೇಲಿಯ ಮತ್ತು ನ್ಯೂಜಿಲಂಡಗಳ ‘ಆನ್‌ಝಾಕ್’ ಬಿಸ್ಕೀಟಿನಲ್ಲಿ ತತ್ತಿ ಇಲ್ಲ. ಓಟ್ಸು ಮತ್ತು ಕೊಬ್ಬರಿಗಳನ್ನು ಸಕ್ಕರೆಯ ಗಟ್ಟಿ ಪಾಕವು ಕೂಡಿಸಿ ಹಿಡಿಯುವದು.

ಈ ಸೀಮೆಯ ತಿನಿಸುಗಳು

ಈ ದೃಷ್ಟಿಯಿಂದ ನೋಡಿದರೆ ಕಡಕ ರೊಟ್ಟಿಯು ಸ್ವೀಡನ್ನಿನ ರೊಟ್ಟಿಯ ಒಡಹುಟ್ಟು. ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಅನಂತರ ಒಲೆಯ ಬದಿಗೆ ನಿಲ್ಲಿಸಿ ಕಾವಿನಲ್ಲಿ ಒಣಗಿಸುವರು. ಇದೂ ಎರಡು ಸಲ ಬೆಂದದ್ದೇ. ಭೋಗಿಯ ದಿನದ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯೂ ಇದೇ ಜಾತಿಯದು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹೋಗುವವರು ಬುತ್ತಿಗೆ ಕಟ್ಟಿಕೊಳ್ಳುವ ರೊಟ್ಟಿಯು ಹಡಗಿನ ಬಿಸ್ಕೀಟಿನ ಕೆಲಸವನ್ನೇ ಮಾಡುವದು. ಮದುವೆಯ ಮಾದಲಿಗಾದರೂ ಗೋದಿಯ ದಪ್ಪ ರೊಟ್ಟಿಯನ್ನು ಬೇಯಿಸಿ, ಕುಟ್ಟಿ, ಬೆಲ್ಲ ಬೆರೆಸುವರು.

ಕರದಂಟು ಎಂದರೆ ಕರಿದ ಅಂಟು. ಮರದ ಅಂಟನ್ನು ತುಪ್ಪದಲ್ಲಿ ಅರಳಿಸಿ, ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬದಾಮಿಗಳೊಡನೆ ಬೆಲ್ಲದ ಪಾಕದಲ್ಲಿ ಕೂಡಿಸುವರು. ಬಾಣಂತಿಯರಿಗೆ ಪುಷ್ಟಿಕರವೆಂದು ಕೊಡುವ ಈ ತಿನಿಸು ಗೋಕಾಕದ ಹೆಸರನ್ನು ದೂರದ ಊರುಗಳಿಗೆ ಒಯ್ದಿದೆ. ಇದನ್ನು ಭಟ್ಟಿಯಲ್ಲಿ ಸುಡುವದಿಲ್ಲವಾದರೂ ಕರಿಯುವದರಿಂದಲೂ ಪಾಕದಿಂದಲೂ ನೀರು ಕಡಿಮೆಯಾಗಿ, ಬಿಸ್ಕೀಟಿನಂತೆ ಇದೂ ಬಾಳುವದು.

ಕಣದಲ್ಲಿ ಗಮನಿಸತಕ್ಕದ್ದು

ರೊಟ್ಟಿಯ ಬಾಳಿಕೆಗೆ ಮೊದಲನೆಯ ಆಧಾರವು ಒಣಗಿದ ಕಾಳು. ಎರೆಭೂಮಿಯಲ್ಲಿ ಹಿಂಗಾರಿಗೆ ಬಿತ್ತಿದ ಮಾಲದಂಡಿ, ಅಂದರೆ ಎಂ. 35-1, ಜೋಳವು ಒಣ ಹವೆಯಲ್ಲಿ ಕಟಾವಿಗೆ ಬರುವದರಿಂದ ಕಾಳು ಬೆಳ್ಳಗೆ, ರೊಟ್ಟಿ ರುಚಿ. ಮುಂಗಾರಿ ಜೋಳವು ತೆನೆಯಲ್ಲಿದ್ದಾಗ ಮಳೆಗೆ ಸಿಕ್ಕರೆ ಕಾಳಿಗೆ ಬೂಷ್ಟು ತಗಲಿ ಕಪ್ಪಾಗುವದು. ಅಂಥ ಕಾಳನ್ನು ಒಳ್ಳೆಯ ಕಾಳಿನಲ್ಲಿ ಎಂದೂ ಬೆರೆಸಬಾರದು.

ಸಂಗ್ರಹಿಸುವ ಜೋಳದಲ್ಲಿ ಶೇಕಡಾ 12 ಕ್ಕಿಂತ ಹೆಚ್ಚು ತೇವವಿರಬಾರದು. ಇಲ್ಲಿ ರಯತನಿಗೆ ಒಂದು ಮೋಹವುಂಟು. ಶೇಕಡಾ 16 ರಷ್ಟು ತೇವವಿರುವ 100 ಕಿಲೋ ಜೋಳವನ್ನು 12 ಕ್ಕೆ ಇಳಿಯುವಂತೆ ಒಣಗಿಸಿದರೆ ತೂಕವು ಸುಮಾರು 95½ ಕಿಲೋ ಆಗುವದು. ನಾಲ್ಕೂವರೆ ಕಿಲೋ ಹಾನಿಯಾಯಿತೆಂದು ಬಗೆದು ಕೆಲವರು ಹಸಿ ಕಾಳನ್ನೇ ಮಾರುವರು. ಕಳೆದದ್ದು ಬರೇ ನೀರು, ಜೋಳವಲ್ಲ. ಹಸಿ ಕಾಳು ಚೀಲದಲ್ಲಿ ಬಿಸಿಯೇರಿ, ಹುಳ ಹಿಡಿದು, ಕೊಂಡವನ ನಂಬಿಗೆಯನ್ನು ಕಳೆಯುವದು. ರೊಟ್ಟಿ ಬಡಿದು ಮಾರಿ ಸಂಸಾರ ಸಾಗಿಸುವ ಹೆಣ್ಣುಮಗಳು ಅಂಥ ಒಂದು ಚೀಲದಿಂದ ಒಂದು ವಾರದ ದುಡಿಮೆಯನ್ನೇ ಕಳೆದುಕೊಳ್ಳಬಹುದು. ಹಿಟ್ಟನ್ನೂ ಬೇಕಾದಷ್ಟೇ ಬೀಸಿಸಬೇಕು. ಹಳೆಯ ಹಿಟ್ಟಿಗೆ ಜಿಗಿ ಇರುವದಿಲ್ಲ, ರೊಟ್ಟಿ ಬಡಿಯುವಾಗ ಹರಿಯುವದು.

ಗಾಣದ ಮನೆಯಲ್ಲಿ ಗಮನಿಸತಕ್ಕದ್ದು

1977 ರಲ್ಲಿ ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟು ಪೂರ್ಣಗೊಂಡ ಮೇಲೆ ಘಟಪ್ರಭೆಯ ಕಾಲುವೆಗಳ ನೀರಿನಿಂದ ಕಬ್ಬಿನ ಬೇಸಾಯವು ವಿಸ್ತಾರವಾಗಿದೆ. ಗೋಕಾಕದಿಂದ ಬೇರ್ಪಟ್ಟು ಪ್ರತ್ಯೇಕ ತಾಲೂಕಾದ ಮೂಡಲಗಿಯ ಕಡೆಗೂ ಕಬ್ಬು ಮುಖ್ಯ ಬೆಳೆಯಾಗಿದೆ. ಕಬ್ಬು ಇದ್ದಲ್ಲಿ ಬೆಲ್ಲವುಂಟು; ಕರದಂಟಿನ ಪಾಕದ ಗುಣವು ಬೆಲ್ಲದ ಗುಣವೇ.

ಗೋಕಾಕದ ಒಬ್ಬ ವ್ಯಾಪಾರಿಯು ಆಷಾಢ ಮಾಸದಲ್ಲಿ ಕರದಂಟನ್ನು ಬೆಂಗಳೂರಿಗೋ ಪುಣೆಗೋ ಕಳಿಸಿದನೆಂದು ಎಣಿಸಿರಿ. ಪೆಟ್ಟಿಗೆ ತೆರೆದಾಗ ತುಂಡುಗಳು ಬೆವರಿ ಒಂದಕ್ಕೊಂದು ಅಂಟಿಕೊಂಡಿರುವವು. ಕೊಂಡವನು ವ್ಯಾಪಾರಿಯನ್ನು ಬಯ್ಯುವನು. ವ್ಯಾಪಾರಿಯು ಅಡಿಗೆಯವನನ್ನು ಬಯ್ಯುವನು. ಆದರೆ ದೋಷವು ಬಹಳ ಸಲ ಕಬ್ಬು ಕಡಿದ ದಿವಸವೇ ಆಗಿರುವದು. ಕಡಿದ ಕಬ್ಬನ್ನು 24 ತಾಸುಗಳೊಳಗೆ ಅರೆಯದೆ ಇಟ್ಟರೆ, ಅಥವಾ ನೆಲಕ್ಕೆ ಬಿದ್ದು ಕೊಳೆತ ಕಬ್ಬನ್ನು ಬೆರೆಸಿದರೆ, ಅದರೊಳಗಿನ ಸಕ್ಕರೆಯು ಒಡೆದು ಬೇರೆ ರೂಪ ಹೊಂದುವದು. ಅಂಥ ಬೆಲ್ಲವು ಮೆತ್ತಗಾಗಿ, ಗಾಳಿಯ ಹಸಿಯನ್ನು ಹೀರಿ, ಮಳೆಗಾಲದಲ್ಲಿ ಸೋರುವದು. ಪಾಕವು ಎಷ್ಟು ಚೆನ್ನಾಗಿ ಕಾಯಿಸಿದರೂ ಗಟ್ಟಿಯಾಗದು.

ರಸವನ್ನು ಸೋಸಿ, ಸುಣ್ಣದ ತಿಳಿನೀರನ್ನು ಮಿತವಾಗಿ ಹಾಕಿ ಹುಳಿಯನ್ನು ತಗ್ಗಿಸಬೇಕು. ಬೆಂಡಿಯ ಗಿಡದ ಕಾಂಡವನ್ನು ಜಜ್ಜಿ ಅದರ ಲೋಳೆಯನ್ನು ಬೆರೆಸಿದರೆ ಹೊಲಸು ಮೇಲೆ ತೇಲಿಬರುವದು. ಅದನ್ನು ಸಾವಕಾಶವಾಗಿ ತೆಗೆಯಬೇಕು. ಪಾಕವು ಸುಮಾರು 118 ಡಿಗ್ರಿ ಸೆಲ್ಸಿಯಸ್ಸಿಗೆ ಬಂದಾಗ ಇಳಿಸಬೇಕು.

ಪೇಟೆಯಲ್ಲಿ ಬಿಳಿಯ ಬೆಲ್ಲಕ್ಕೆ ದರ ಹೆಚ್ಚೆಂದು ಕೆಲವರು ‘ಹೈಡ್ರೋಸ್’ ಎಂಬ ಗಂಧಕಯುಕ್ತ ಪುಡಿಯನ್ನು ಹಾಕುವರು. ಅದರ ಬಿಳುಪು ಕೆಲವು ಕಾಲದ್ದು. ದಾಸ್ತಾನಿನಲ್ಲಿ ಬೆಲ್ಲವು ಮರಳಿ ಕಪ್ಪಾಗುವದು. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡು ಹತ್ತು ಲಕ್ಷ ಪಾಲಿಗೆ 70 ಪಾಲನ್ನು ಮೀರಬಾರದೆಂದೂ, ಗಟ್ಟಿ ಬೆಲ್ಲದ ತೇವವು ಶೇಕಡಾ 10 ನ್ನು ಮೀರಬಾರದೆಂದೂ ಆಹಾರದ ನಿಯಮವುಂಟು. ಬಾಣಂತಿಯು ತಿನ್ನುವ ತಿನಿಸಿಗೆ ಹೋಗುವ ಬೆಲ್ಲವಿದೆಂಬುದನ್ನು ಕೊಪ್ಪರಿಗೆಯ ಮುಂದೆ ನಿಂತವನು ಮರೆಯಲಾಗದು.

ಬದುವಿನ ಮರಗಳು

ತಿನ್ನುವ ಅಂಟು ಕರಿಜಾಲಿಯ ಮರದಿಂದಲೂ ಅಡವಿಯ ದಿಂಡಿಗದ ಮರದಿಂದಲೂ ದೊರೆಯುವದು. ಬದುವಿನ ಜಾಲಿಯನ್ನು ಸೌದೆಗೆಂದು ಬೇರುಸಹಿತ ಕಡಿಯುವ ಮೊದಲು ಇದನ್ನು ವಿಚಾರಿಸಬೇಕು. ಅಂಟನ್ನು ತೊಗಟೆ, ಮಣ್ಣುಗಳಿಲ್ಲದಂತೆ ಆರಿಸಿ ಬಿಸಿಲಿನಲ್ಲಿ ಒಣಗಿಸಬೇಕು. ಒಣಗಿದ ಅಂಟು ತುಪ್ಪದಲ್ಲಿ ಪೂರ್ಣ ಅರಳುವದು. ಹಸಿಯಾದುದು ನಡುವೆ ಕಲ್ಲಾಗಿ ಉಳಿದು ಹಲ್ಲಿಗೆ ಹತ್ತುವದು.

ಊರ ಮುಖಂಡರು ಮಾಡತಕ್ಕ ಕೆಲಸಗಳು

1. ರಾಶಿಯ ಕಾಲದಲ್ಲಿ ಕಾಳನ್ನು ತೆಳುವಾಗಿ ಹರವಿ ಒಣಗಿಸಲು ಗಟ್ಟಿಯಾದ ಸಾರ್ವಜನಿಕ ಕಣವನ್ನು ಸಿದ್ಧವಾಗಿಡಿಸುವದು.

2. ಕಬ್ಬು ಕಡಿಯುವ ದಿವಸಗಳನ್ನು ಗಾಣದ ಸರದಿಗೆ ಹೊಂದಿಸುವದು. ಸರದಿ ಬಾರದೆ ಕಬ್ಬು ಕಡಿಯಗೊಡದಿರುವದು.

3. ಹೈಡ್ರೋಸ್ ಹಾಕದ ಬೆಲ್ಲವನ್ನು ಬೇರೆಯಾಗಿಟ್ಟು, ಕರದಂಟು ಮಾಡುವವರಿಗೆ ನೇರವಾಗಿ ಮಾರುವ ಏರ್ಪಾಡು ಮಾಡುವದು.

4. ರೊಟ್ಟಿ ಮಾಡಿ ಮಾರುವ ಮಹಿಳಾ ಸಂಘಗಳಿಗೆ ಒಳ್ಳೆಯ ಕಾಳು ದೊರಕಿಸುವದು. ರೊಟ್ಟಿಯು ಪೂರ್ಣ ಆರಿದ ಮೇಲೆಯೇ ಕಟ್ಟಬೇಕೆಂದೂ, ಬಿಸಿಯಿದ್ದಾಗ ಕಟ್ಟಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುವದೆಂದೂ ತಿಳಿಸಿ ಹೇಳುವದು.

5. ಮಾರಾಟಕ್ಕಾಗಿ ತಿನಿಸು ಮಾಡುವವರು 2006 ರ ಆಹಾರ ಸುರಕ್ಷತೆಯ ಕಾಯದೆಯಂತೆ ನೋಂದಣಿ ಮಾಡಿಸುವಂತೆ ನೋಡಿಕೊಳ್ಳುವದು.

ಪ್ರಾತೋದವರು ಬದಾಮಿಯಿಂದಲೂ ನ್ಯೂರೆಂಬರ್ಗದವರು ಜೇನಿನಿಂದಲೂ ತಮ್ಮ ಊರ ಹೆಸರನ್ನು ಕಾಯ್ದುಕೊಂಡರು. ಗೋಕಾಕ ಸೀಮೆಗೆ ಜೋಳವೂ ಬೆಲ್ಲವೂ ಉಂಟು. ಹೆಸರೂ ಆಗಲೇ ಬಂದಿದೆ. ಕಾಳಿನಲ್ಲಿ ನೀರನ್ನೂ ಬೆಲ್ಲದಲ್ಲಿ ಮೋಸವನ್ನೂ ಉಳಿಸದೆ ಕೊಡುವದು ಜಮೀನುದಾರರ ಕೈಯಲ್ಲಿರುವ ಕೆಲಸವು. ಅದನ್ನು ಅವರು ನಡೆಸಿದಲ್ಲಿ ಹೆಸರು ಉಳಿಯುವದು, ದರವೂ ದೊರೆಯುವದು.