‘ಕಾಣುವುದಿಲ್ಲ’ ಮತ್ತು ‘ಇಲ್ಲ’: ಬಸುರಿಯ ಮೊದಲ ಸ್ಕ್ಯಾನಿಂಗ್‌ನ ಭಾಷೆ

ಸಾಹಿತ್ಯದ ಗೋಷ್ಠಿಯಲ್ಲಿ ಸ್ಕ್ಯಾನಿಂಗ್ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನಾನು ಹೊಸಂಗಡಿಯವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳಂ. ನಮ್ಮ ಕಡೆಯ ಬಸುರಿಯರು ಒಂದೋ ಕಾಸರಗೋಡಿಗೆ, ಇಲ್ಲವೇ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಎಲ್ಲಿಗೆ ಹೋದರೂ ಕೈಗೆ ಬರುವುದು ಇಂಗ್ಲಿಷ್ ವರದಿ. ಅದನ್ನು ಮನೆಮಾತಿಗೆ ತರುವಾಗ ಎರಡು ಕಡೆ ಅರ್ಥ ಜಾರುತ್ತದೆ.

ಒಂದು, ವಾರದ ಲೆಕ್ಕ. ನಾವು ‘ಮುಟ್ಟು ನಿಂತು ಎರಡು ವಾರ ಆಯ್ತು’ ಅನ್ನುತ್ತೇವೆ. ವೈದ್ಯರು ಎಣಿಸುವುದು ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ. 28 ದಿನಕ್ಕೊಮ್ಮೆ ಮುಟ್ಟಾಗುವವಳಿಗೆ ನಮ್ಮ ಎರಡು ವಾರ ವರದಿಯಲ್ಲಿ ಆರು ವಾರ. ಗರ್ಭ ಕಟ್ಟುವ ಮೊದಲಿನ ಸುಮಾರು ಎರಡು ವಾರವೂ ಆ ಲೆಕ್ಕದೊಳಗೇ ಉಂಟು. ಗಂಡ ಗಲ್ಫಿನಿಂದ ಬಂದ ತಾರೀಕಿಗೂ ವರದಿಗೂ ತಾಳೆಯಾಗಲಿಲ್ಲ ಎಂದು ಸಂಶಯ ಹುಟ್ಟಲು ಇಷ್ಟು ಸಾಕು. ನಮ್ಮಂಥ ಊರಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಇನ್ನೊಂದು ಹೆಚ್ಚು ನೋವಿನದು. ಐದನೇ ವಾರದ ಸುಮಾರಿಗೆ ಪರದೆಯಲ್ಲಿ ಗರ್ಭಚೀಲ ಮಾತ್ರ ಕಾಣುತ್ತದೆ, ಒಂದು ಕಪ್ಪು ಉರುಟಿನ ಹಾಗೆ. ಹೃದಯದ ಮಿಡಿತ ಕಾಣುವುದು ಸಾಮಾನ್ಯವಾಗಿ ಆರನೇ ವಾರದ ಹೊತ್ತಿಗೆ. ಮುಟ್ಟು ಕ್ರಮವಾಗಿ ಆಗದವರಲ್ಲಿ ಇನ್ನೂ ತಡವಾಗಬಹುದು. ವೈದ್ಯರು ‘ಮಿಡಿತ ಈಗ ಕಾಣುವುದಿಲ್ಲ’ ಅಂದದ್ದು ಮನೆ ಮುಟ್ಟುವಾಗ ‘ಮಗುವಿಗೆ ಜೀವ ಇಲ್ವಂತೆ’ ಆಗಿರುತ್ತದೆ. ಕನ್ನಡದಲ್ಲಿ ಕಾಣದಿರುವುದಕ್ಕೂ ಇಲ್ಲದಿರುವುದಕ್ಕೂ ಬೇರೆ ಬೇರೆ ಮಾತು ಇದೆಯಲ್ಲ, ಭಯದಲ್ಲಿ ಆ ವ್ಯತ್ಯಾಸವೇ ಮೊದಲು ಬಿದ್ದುಹೋಗುತ್ತದೆ. ಭ್ರೂಣ 7 ಮಿಲಿಮೀಟರಿಗಿಂತ ಸಣ್ಣದಿದ್ದು ಮಿಡಿತ ಕಾಣದಿದ್ದರೆ, ಒಂದೇ ಸ್ಕ್ಯಾನಿಂಗ್‌ನಿಂದ ತೀರ್ಮಾನಿಸುವ ಕ್ರಮ ಇಲ್ಲ. ಒಂದೆರಡು ವಾರ ಬಿಟ್ಟು ಮತ್ತೆ ನೋಡುತ್ತಾರೆ. ಆಗ ಮಿಡಿತ ಸಿಗಬಹುದು, ಸಿಗದೆಯೂ ಇರಬಹುದು.

ಕ್ರಮದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಹೊಟ್ಟೆಯ ಮೇಲಿನಿಂದ ನೋಡುವುದಾದರೆ ನೀರು ಕುಡಿದು ಮೂತ್ರ ತಡೆದುಕೊಂಡಿರಬೇಕು. ಯೋನಿಯ ಮೂಲಕ ನೋಡುವುದಾದರೆ ಮೂತ್ರ ಮಾಡಿ ಬರಬೇಕು. ಇಷ್ಟು ಬೇಗ ಹೋದರೆ ಎರಡನೆಯದರಲ್ಲೇ ಸ್ಪಷ್ಟವಾಗಿ ಕಾಣುವುದು. ಮೊದಲೇ ಗೊತ್ತಿಲ್ಲದವಳು ಗಾಬರಿಯಾಗುತ್ತಾಳೆ. ಬೇಡ ಅನ್ನಬಹುದು, ಜೊತೆಗೆ ಹೆಂಗಸೊಬ್ಬರು ಇರಲಿ ಅನ್ನಬಹುದು. ಬಳಸುವುದು ಶಬ್ದದ ಅಲೆ, ಎಕ್ಸ್‌ರೇ ಅಲ್ಲ. 1994ರ ಕಾಯ್ದೆಯ ಪ್ರಕಾರ ಒಂದು ಫಾರಂಗೆ ಸಹಿ ಹಾಕಿಸುತ್ತಾರೆ. ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ ಅಪರಾಧ.

ಎರಡನೇ ಸ್ಕ್ಯಾನಿಂಗ್‌ಗೆ ಕಾಯುವ ದಿನಗಳಲ್ಲಿ ಜೋರು ಹೊಟ್ಟೆನೋವು, ರಕ್ತಸ್ರಾವ, ತಲೆತಿರುಗಿ ಬೀಳುವ ಹಾಗಾಗುವುದು, ಭುಜದ ತುದಿಯಲ್ಲಿ ನೋವು, ಇವುಗಳಲ್ಲಿ ಒಂದು ಕಂಡರೂ ತಾರೀಕು ಬರಲಿ ಎಂದು ಕೂರಬಾರದು. ಗರ್ಭ ನಾಳದಲ್ಲಿ ಕಟ್ಟಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.