ಅರ್ಥಾನುಸಾರಿಯಾದ ಶೋಧನೆ

'ಅರಸು' ಎಂದರೆ ದೊರೆ. 'ಅರಸು' ಎಂದರೆ ಹುಡುಕು. ಅಕ್ಷರಗಳನ್ನಷ್ಟೇ ಹೋಲಿಸುವ ಯಂತ್ರಕ್ಕೆ ಈ ಭೇದವು ತಿಳಿಯದು. ಅಂತರಜಾಲದ ಬರೆಹಗಳಿಗೆ ಅರ್ಥಸೂಚಿಗಳನ್ನು ಜೋಡಿಸಬೇಕೆಂದು ಟಿಮ್ ಬರ್ನರ್ಸ್-ಲೀ ಮೊದಲಾದ ಮೂವರು 2001ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಪ್ರತಿಪಾದಿಸಿದರು. 'ಪಂಪನ ಆಶ್ರಯದಾತ ಅರಿಕೇಸರಿ', 'ವಿಕ್ರಮಾರ್ಜುನವಿಜಯದ ಕರ್ತೃ ಪಂಪ' ಎಂಬೆರಡು ಹೇಳಿಕೆಗಳನ್ನು ಬೇರೆ ಬೇರೆ ಕಡೆಗಳಲ್ಲಿ ಈ ಕ್ರಮದಿಂದ ಬರೆದಿಟ್ಟರೂ, ಅರಿಕೇಸರಿಯ ಆಶ್ರಿತಕವಿಯ ಕೃತಿ ಯಾವುದೆಂಬ ಪ್ರಶ್ನೆಗೆ ಯಂತ್ರವು ಅವೆರಡನ್ನೂ ಕೂಡಿಸಿ ಉತ್ತರವೀಯಬಲ್ಲದು, ಆಧಾರವನ್ನೂ ತೋರಿಸಬಲ್ಲದು. ಆದರೆ ಸೂಚಿಗಳನ್ನು ಜೋಡಿಸುವ ಶ್ರಮವನ್ನು ವಹಿಸಿಕೊಂಡವರು ಕೆಲವರೇ. ಸಂಬಂಧಗಳ ಅರ್ಥದಲ್ಲಿ ಪಂಡಿತರು ಒಮ್ಮತಕ್ಕೆ ಬರುವುದಂತೂ, ನಮಗೆಲ್ಲ ತಿಳಿದಿರುವಂತೆ, ಸುಲಭವಲ್ಲ. 2012ರಲ್ಲಿ ಆರಂಭವಾದ ವಿಕಿಡೇಟಾ ಈ ಮಾರ್ಗದಲ್ಲಿಯೇ ನಡೆದಿದೆ. ಪದಗಳ ಸಾಹಚರ್ಯವನ್ನು ಗಣಿಸಿ ಅರ್ಥವನ್ನು ಊಹಿಸುವ ಇಂದಿನ ಶೋಧನಕ್ರಮವು ಈ ಶ್ರಮವನ್ನು ತಪ್ಪಿಸಿದೆ. ಸಂಶೋಧಕನಿಗೆ ಬೇಕಾದ ಆಧಾರಸರಣಿಯನ್ನು ಮಾತ್ರ ಅದು ಹಾಗೆ ಬಿಡಿಸಿ ತೋರಿಸಲಾರದು.